ಮೊದಲ ಪಾಠದ ಮೋಹ

ವಿಭಾಗದ ಸಂಸ್ಮರಣ ಸಂಪುಟಕ್ಕೆ ಲೇಖನವೊಂದನ್ನು ಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಗ್ರಂಥ ಸಂಪಾದನೆಯನ್ನು ಕುರಿತು ಏನಾದರೂ ಬರೆಯುತ್ತೇನೆಂದು ಒಪ್ಪಿಕೊಂಡಿದ್ದೆ. ಮೂರು ದಶಕಗಳ ಅಧ್ಯಾಪನದಲ್ಲಿ ನಾನು ಹೆಚ್ಚು ಸಲ ಪಾಠ ಹೇಳಿದ ವಿಷಯ ಅದು. ಆದರೆ ಬರೆಯಲು ಕುಳಿತಾಗ ಮನಸ್ಸು ಓಲೆಗರಿಗಳ ಕಡೆಗೆ ಹೋಗದೆ ಕಪಾಟಿನಲ್ಲಿರುವ ಹಳೆಯ ಕ್ಯಾಸೆಟ್ಟುಗಳ ಕಡೆಗೆ ಹೋಯಿತು. ನನ್ನ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ನನ್ನ ಈ ಚಪಲ ಗೊತ್ತು. ಇಂಗ್ಲಿಷಿನ ರಾಕ್ ಸಂಗೀತವನ್ನು, ಅದರಲ್ಲೂ 1960 ಮತ್ತು 70ರ ದಶಕಗಳ ಹಾಡುಗಳನ್ನು ನಾನು ಆಸಕ್ತಿಯಿಂದ ಕೇಳುತ್ತೇನೆ. ಅದಕ್ಕಿಂತಲೂ ವಿಚಿತ್ರವಾದ ಸಂಗತಿಯೆಂದರೆ, ಲೋಕವೆಲ್ಲ ಮೆಚ್ಚಿದ ಪ್ರಕಟಿತ ಹಾಡುಗಳಿಗಿಂತ, ಅವು ಸಿದ್ಧವಾಗುವ ಮೊದಲು ಸ್ಟುಡಿಯೋದಲ್ಲಿ ಹಾಡಿ ಬದಿಗಿಟ್ಟ ಆರಂಭದ ಪ್ರಯತ್ನಗಳು ನನಗೆ ಹೆಚ್ಚು ಪ್ರಿಯ.

ಕನ್ನಡ ಅಧ್ಯಾಪಕನೊಬ್ಬನಿಗೆ ಇದು ಸಲ್ಲದ ಹವ್ಯಾಸವೆಂದು ಯಾರಾದರೂ ನಕ್ಕರೆ ನನಗೆ ಬೇಸರವಿಲ್ಲ. ಎಲ್ಲರಿಗೂ ಸಿಗುವ ವಸ್ತುವನ್ನು ಬಿಟ್ಟು ಅಪರೂಪದ ವಸ್ತುವನ್ನು ಹಿಡಿದುಕೊಂಡು ಬೀಗುವ ಸಂಗ್ರಾಹಕನ ಜಂಬವಿದು ಎಂದು ಮಿತ್ರರೊಬ್ಬರು ಒಮ್ಮೆ ಹೇಳಿದ್ದುಂಟು. ಬಹಳ ಕಾಲ ನಾನೂ ಹಾಗೆಯೇ ತಿಳಿದಿದ್ದೆ. ಈಗ ಹಿಂದಿರುಗಿ ನೋಡಿದರೆ, ಈ ಮೋಹದ ಬೇರು ನನ್ನ ಸಂಶೋಧನೆಯ ದಿನಗಳಲ್ಲಿ ನಾನು ಮಾಡಿದ ಒಂದು ತಪ್ಪಿನಲ್ಲಿದೆ ಎನಿಸುತ್ತದೆ. ಆ ತಪ್ಪನ್ನು ಹೇಳುವ ಮೊದಲು ಹಾಡುಗಳ ವಿಚಾರವನ್ನು ಹೇಳಬೇಕು.

ಧ್ವನಿಮುದ್ರಣ ಮಾಡುವಾಗ ಒಂದು ಹಾಡನ್ನು ಹಲವು ಸಲ ಹಾಡಿಸುತ್ತಾರೆ. ಪ್ರತಿಯೊಂದು ಸಲಕ್ಕೂ ಒಂದು ಸಂಖ್ಯೆ ಇರುತ್ತದೆ. ಅದನ್ನು ಅವರು 'ಟೇಕ್' ಎನ್ನುತ್ತಾರೆ. ನಾನು ನನ್ನ ವೃತ್ತಿಯ ಅಭ್ಯಾಸದಿಂದ ಅದನ್ನು 'ಪಾಠ' ಎಂದು ಕರೆಯುತ್ತೇನೆ. ಹತ್ತು ಹಲವು ಪಾಠಗಳಲ್ಲಿ ಒಂದನ್ನು ಆರಿಸಿ, ತಿದ್ದಿ, ಬೇಕಾದಲ್ಲಿ ವಾದ್ಯಗಳನ್ನು ಸೇರಿಸಿ ಪ್ರಕಟಿಸುತ್ತಾರೆ. ಉಳಿದವು ಕಂಪನಿಯ ಉಗ್ರಾಣದಲ್ಲಿ ಪೆಟ್ಟಿಗೆ ಸೇರುತ್ತವೆ. ಅವು ಮೊದಲು ಹೊರಗೆ ಬಂದದ್ದು ಕಳ್ಳದಾರಿಯಲ್ಲಿ. ಬಾಬ್ ಡಿಲನ್ ಹಾಡಿ ಪ್ರಕಟಿಸದೆ ಬಿಟ್ಟಿದ್ದ ಹಾಡುಗಳನ್ನು ಯಾರೋ 1969ರಲ್ಲಿ 'ಗ್ರೇಟ್ ವೈಟ್ ವಂಡರ್' ಎಂಬ ಹೆಸರಿನಲ್ಲಿ ಅನಧಿಕೃತವಾಗಿ ಮುದ್ರಿಸಿ ಮಾರಿದರು. ಕೇಳುಗರ ಹಸಿವು ಎಷ್ಟಿತ್ತೆಂದರೆ, ಕಡೆಗೆ ಕಂಪನಿಗಳೇ ಆ ಪೆಟ್ಟಿಗೆಗಳನ್ನು ತೆರೆಯಬೇಕಾಯಿತು. ಡಿಲನ್‌ನ 'ಬೂಟ್‌ಲೆಗ್ ಸೀರೀಸ್' ಮಾಲೆಯ ಮೊದಲ ಮೂರು ಸಂಪುಟಗಳು 1991ರಲ್ಲಿ ಬಂದವು. ಬೀಟಲ್ಸ್ ತಂಡದ 'ಆಂಥಾಲಜಿ'ಯ ಮೂರು ಭಾಗಗಳು 1995 ಮತ್ತು 1996ರಲ್ಲಿ ಬಂದವು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ಅಲ್ಲಿಯವರೆಗೆ ಕೇಳುಗರ ಬಳಿ ಇದ್ದದ್ದು ಜನಪ್ರಿಯ ಆವೃತ್ತಿ ಮಾತ್ರ. ಈಗ ಪಾಠಾಂತರಗಳೂ ದೊರೆತವು.

ನಾನು ಮುಂಬಯಿಗೆ ಬಂದದ್ದು 1995ರಲ್ಲಿ, ಕಾಲೇಜೊಂದರ ಕನ್ನಡ ಉಪನ್ಯಾಸಕನಾಗಿ. ಸಾಂತಾಕ್ರೂಜಿನಲ್ಲಿ ಒಂದು ಕೋಣೆಯನ್ನು ಇಬ್ಬರು ಹಂಚಿಕೊಂಡಿದ್ದೆವು. ನನ್ನ ಜೊತೆಗಾರ ಮಂಗಳೂರಿನ ಕ್ರೈಸ್ತ ತರುಣ, ಬ್ಯಾಂಕಿನ ನೌಕರ. ನನ್ನ ಟೇಪ್ ರೆಕಾರ್ಡರಿನಲ್ಲಿ ನಾನು ಕ್ಷೇತ್ರಕಾರ್ಯದ ಹಾಡುಗಳನ್ನು ಕೇಳಿ ಬರೆದುಕೊಳ್ಳುತ್ತಿದ್ದೆ. ನಾನು ಮುಗಿಸಿದ ಮೇಲೆ ಅದೇ ಯಂತ್ರದಲ್ಲಿ ಅವನು ಬೀಟಲ್ಸ್ ಹಾಕುತ್ತಿದ್ದ. ಮೊದಲು ಸಹಿಸಿಕೊಂಡೆ, ಆಮೇಲೆ ಕೇಳತೊಡಗಿದೆ, ಕಡೆಗೆ ಅವನ ಜೊತೆ ಕಾಲಾ ಘೋಡಾದ ರಿದಮ್ ಹೌಸಿಗೆ ಹೋಗುವವನಾದೆ. 2016ರಲ್ಲಿ ಮುಚ್ಚಿಹೋದ ಆ ಅಂಗಡಿಯಲ್ಲಿ ಕೊಳ್ಳುವ ಮೊದಲು ನಿಂತು ಕೇಳುವ ಗೂಡುಗಳಿದ್ದವು. ಕಿಸೆಯಲ್ಲಿ ಹಣವಿಲ್ಲದ ಸಂಬಳದ ಕೊನೆಯ ವಾರದಲ್ಲೂ ನಾವು ಅಲ್ಲಿಗೆ ಹೋಗುತ್ತಿದ್ದೆವು.

'ಆಂಥಾಲಜಿ'ಯ ಮೂರನೆಯ ಭಾಗವನ್ನು ಅವನು ತಂದದ್ದು 1997ರ ಆರಂಭದಲ್ಲಿ. ಅದರಲ್ಲಿ ಜಾರ್ಜ್ ಹ್ಯಾರಿಸನ್‌ನ 'ವೈಲ್ ಮೈ ಗಿಟಾರ್ ಜೆಂಟ್ಲಿ ವೀಪ್ಸ್' ಹಾಡಿನ ಮೊದಲ ಪಾಠವಿದೆ. ಹಾಡಿನ ಪ್ರಕಟಿತ ರೂಪವನ್ನು ನಾನು ಆಗಲೇ ಹಲವು ಸಲ ಕೇಳಿದ್ದೆ. ಅದರಲ್ಲಿ ಡ್ರಮ್ಮು, ಪಿಯಾನೋ, ಬಾಸ್ ಗಿಟಾರುಗಳ ಗಟ್ಟಿ ನಡಿಗೆಯ ಮೇಲೆ ಎರಿಕ್ ಕ್ಲಾಪ್ಟನ್ ನುಡಿಸಿದ ಗಿಟಾರು ನಿಜಕ್ಕೂ ಅಳುತ್ತದೆ. ಕ್ಲಾಪ್ಟನ್ ಅದನ್ನು ನುಡಿಸಿದ್ದು 1968ರ ಸೆಪ್ಟೆಂಬರ್ 6ರಂದು. ಆ ದಿನವನ್ನು ಮುಟ್ಟುವ ಮೊದಲು ಈ ಹಾಡು ಹಲವು ವೇಷಗಳನ್ನು ತೊಟ್ಟು ಕಳಚಿತ್ತು. ಆಗಸ್ಟಿನಲ್ಲಿ ತಂಡ ಅದನ್ನು ಒಂದು ಬಗೆಯಲ್ಲಿ ಮುದ್ರಿಸಿತು. ಸೆಪ್ಟೆಂಬರಿನ ಆರಂಭದಲ್ಲಿ ಹ್ಯಾರಿಸನ್ ಗಿಟಾರಿನ ಭಾಗವನ್ನು ಟೇಪನ್ನು ತಿರುಗುಮುರುಗು ಓಡಿಸಿ ಮುದ್ರಿಸಲು ನೋಡಿದ. ಅದೂ ಒಪ್ಪಿಗೆಯಾಗದೆ ಎಲ್ಲವನ್ನೂ ಬಿಟ್ಟು ಹೊಸದಾಗಿ ತೊಡಗಬೇಕಾಯಿತು.

ಇವೆಲ್ಲಕ್ಕೂ ಮೊದಲು, ಜುಲೈ 25ರಂದು, ಅವನು ಬರಿಯ ಒಂದು ಗಿಟಾರು ಹಿಡಿದು ಹಾಡನ್ನು ಹಾಡಿದ್ದ. ಅದೇ ಮೊದಲ ಪಾಠ. ಜೊತೆಗೆ ಎಲ್ಲೋ ದೂರದಲ್ಲೆಂಬಂತೆ ಒಂದು ಹಾರ್ಮೋನಿಯಮ್ ಸೇರಿಕೊಳ್ಳುತ್ತದೆ. ಪ್ರಕಟಿತ ಪಾಠದಲ್ಲಿಲ್ಲದ ಒಂದು ಕೊನೆಯ ನುಡಿಯೂ ಇದರಲ್ಲಿದೆ. ಪ್ರಕಟಿತ ಪಾಠದಲ್ಲಿ ದುಃಖವನ್ನು ಒಂದು ಶ್ರೇಷ್ಠ ವಾದ್ಯ ನಮ್ಮ ಮುಂದೆ ಪ್ರದರ್ಶಿಸುತ್ತದೆ. ಮೊದಲ ಪಾಠದಲ್ಲಿ ಹಾಡುವವನಿಗೆ ಅದು ದುಃಖವೆಂಬುದು ಹಾಡುತ್ತಿರುವಾಗಲೇ ತಿಳಿಯುತ್ತಿರುವಂತಿದೆ. ದನಿ ಮೇಲೇರಬೇಕೋ ಬೇಡವೋ ಎಂದು ಅನುಮಾನಿಸುತ್ತದೆ. ಅನುಮಾನಿಸುವ ಆ ದನಿಯನ್ನು ಕೇಳಿ ನಾನು ಬರೆಯುತ್ತಿದ್ದ ಲೇಖನಿಯನ್ನು ಕೆಳಗಿಟ್ಟೆ.

ಈ ಹಾಡಿಗೆ ಆರು ತಿಂಗಳ ಹಿಂದೆ, ಅದೇ ವರ್ಷದ ಜನವರಿಯಲ್ಲಿ, ಹ್ಯಾರಿಸನ್ ಮುಂಬಯಿಯಲ್ಲಿದ್ದ. 'ವಂಡರ್‌ವಾಲ್' ಚಿತ್ರದ ಸಂಗೀತಕ್ಕಾಗಿ ಫೋರ್ಟಿನ ಫಿರೋಜ್‌ಷಾ ಮೆಹ್ತಾ ರಸ್ತೆಯ ಎಚ್.ಎಂ.ವಿ. ಸ್ಟುಡಿಯೋದಲ್ಲಿ ನಮ್ಮ ಸಂಗೀತಗಾರರಿಂದ ನುಡಿಸಿದ. 'ದಿ ಇನ್ನರ್ ಲೈಟ್' ಎಂಬ ಬೀಟಲ್ಸ್ ಹಾಡಿನ ವಾದ್ಯಭಾಗವೂ ಅಲ್ಲಿಯೇ ಮುದ್ರಣವಾಯಿತು. ಆ ವಾದ್ಯಭಾಗದ ಇನ್ನೊಂದು ಪಾಠ 2014ರಲ್ಲಿ ಪ್ರಕಟವಾಯಿತು. ಫೋರ್ಟಿನ ಕಚೇರಿಗಳಲ್ಲಿ ದುಡಿದು, ಸಂಜೆ ಕನ್ನಡ ಸಂಘಗಳ ಸಭೆಗೆ ಬರುತ್ತಿದ್ದ ನಮ್ಮ ಹಿರಿಯ ಪೀಳಿಗೆಯವರಲ್ಲಿ ಯಾರಾದರೂ ಆ ಜನವರಿಯಲ್ಲಿ ಆ ಕಟ್ಟಡದ ಮುಂದೆ ನಡೆದುಹೋಗಿರಲೂಬಹುದು. ಮೊದಲ ಪಾಠಗಳು ದೂರದ ಲಂಡನ್ನಿನಲ್ಲಿ ಮಾತ್ರ ಹುಟ್ಟಿದವಲ್ಲ ಎಂಬ ಭಾವನೆ ನನಗೆ ಸಣ್ಣದೊಂದು ಸಂತೋಷವನ್ನು ಕೊಡುತ್ತದೆ.

ಪಾಠ ನಿರ್ಣಯದ ದೃಷ್ಟಿಯಿಂದ ಇನ್ನೂ ಕುತೂಹಲಕರವಾದದ್ದು ಜಾನ್ ಲೆನನ್‌ನ 'ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್'. ಇದರ ಮುದ್ರಣ 1966ರ ನವೆಂಬರ್ 24ರಂದು ಮೊದಲಾಯಿತು. ಅಂದಿನ ಮೊದಲ ಪಾಠದಲ್ಲಿ ಪಲ್ಲವಿಯಿಂದ ಆರಂಭವಿಲ್ಲ. ಹಾಡು ನೇರವಾಗಿ ಚರಣಕ್ಕೇ ಇಳಿಯುತ್ತದೆ. ಮುಂದಿನ ವಾರಗಳಲ್ಲಿ ಹಾಡು ಬೆಳೆಯಿತು. ಏಳನೆಯ ಪಾಠ ಮೆದುವಾಗಿತ್ತು. ಇಪ್ಪತ್ತಾರನೆಯದರಲ್ಲಿ ನಾಲ್ಕು ಟ್ರಂಪೆಟ್ಟು, ಮೂರು ಚೆಲ್ಲೊಗಳು ಸೇರಿ ಅಬ್ಬರವಿತ್ತು. ಲೆನನ್‌ನಿಗೆ ಮೊದಲನೆಯದರ ಆರಂಭವೂ ಎರಡನೆಯದರ ಮುಂದುವರಿಕೆಯೂ ಬೇಕಾಗಿದ್ದವು. ಎರಡರ ಶ್ರುತಿಯೂ ಬೇರೆ, ಲಯವೂ ಬೇರೆ. ನಿರ್ಮಾಪಕ ಜಾರ್ಜ್ ಮಾರ್ಟಿನ್ ಮತ್ತು ತಂತ್ರಜ್ಞ ಜೆಫ್ ಎಮೆರಿಕ್ ಒಂದು ಟೇಪಿನ ವೇಗವನ್ನು ಹೆಚ್ಚಿಸಿ, ಇನ್ನೊಂದರ ವೇಗವನ್ನು ತಗ್ಗಿಸಿ, ಹಾಡಿನ ಒಂದು ನಿಮಿಷದ ಹೊತ್ತಿಗೆ ಎರಡನ್ನೂ ಬೆಸೆದರು. ಲೋಕ ಕೇಳಿ ಬೆರಗಾದ 1967ರ ಹಾಡು ಹೀಗೆ ಎರಡು ಪ್ರತಿಗಳನ್ನು ಕೂಡಿಸಿ ಸಿದ್ಧಪಡಿಸಿದ ಮಿಶ್ರಪಾಠ. ಯಾವ ಒಂದು ದಿನವೂ ಯಾರೂ ಅದನ್ನು ಹಾಗೆ ಹಾಡಿರಲಿಲ್ಲ.

ಓಲೆಗರಿಯ ಪ್ರತಿಗಳಲ್ಲಿ ಇಂತಹ ಮಿಶ್ರಪಾಠವನ್ನು ಕಂಡರೆ ನಾವು ಲಿಪಿಕಾರನನ್ನು ಶಂಕಿಸುತ್ತೇವೆ. ಇಲ್ಲಿ ಅದೇ ಕೆಲಸ ಒಂದು ಕಲಾಕೃತಿಯಾಗಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮುಂದೆ ಲೆನನ್ ಹಳೆಯ ಹಾಡುಗಳನ್ನೆಲ್ಲ, ಅದರಲ್ಲೂ ಈ ಹಾಡನ್ನು, ಮತ್ತೊಮ್ಮೆ ಮುದ್ರಿಸಬೇಕೆಂಬ ಆಸೆಯನ್ನು ತನ್ನೊಡನೆ ಹೇಳಿಕೊಂಡನೆಂದು ಮಾರ್ಟಿನ್ ನೆನಪಿಸಿಕೊಂಡಿದ್ದಾನೆ. ಕವಿಗೇ ತನ್ನ ಅಂತಿಮ ಪಾಠ ಅಂತಿಮವೆನಿಸಿರಲಿಲ್ಲ. ಹಾಗಿರುವಾಗ ಮೊದಲ ಪಾಠವನ್ನು ಮೆಚ್ಚುವ ಕೇಳುಗನನ್ನು ಹಳಿಯುವುದು ಹೇಗೆ?

ಪ್ರಕ್ಷೇಪಕ್ಕೂ ಇಲ್ಲಿ ಉದಾಹರಣೆಯಿದೆ. ಪಾಲ್ ಮೆಕಾರ್ಟ್ನಿ 1969ರ ಜನವರಿಯಲ್ಲಿ ಪಿಯಾನೋದ ಮುಂದೆ ಕುಳಿತು ಸರಳವಾಗಿ ಹಾಡಿದ 'ದಿ ಲಾಂಗ್ ಅಂಡ್ ವೈಂಡಿಂಗ್ ರೋಡ್' ಹಾಡಿಗೆ ಮರುವರ್ಷದ ಏಪ್ರಿಲಿನಲ್ಲಿ ನಿರ್ಮಾಪಕ ಫಿಲ್ ಸ್ಪೆಕ್ಟರ್ ವಾದ್ಯಮೇಳವನ್ನೂ ಸ್ತ್ರೀಯರ ವೃಂದಗಾನವನ್ನೂ ತುಂಬಿದ. ಮೆಕಾರ್ಟ್ನಿಗೆ ಇದು ಸಮ್ಮತವಿರಲಿಲ್ಲ. ತಂಡವನ್ನು ಕಾನೂನಿನ ಪ್ರಕಾರ ವಿಸರ್ಜಿಸಬೇಕೆಂದು ಅವನು ನ್ಯಾಯಾಲಯಕ್ಕೆ ಹೋದಾಗ ಕೊಟ್ಟ ಕಾರಣಗಳಲ್ಲಿ ಇದೂ ಒಂದಾಗಿತ್ತು. ಅದೇ ಹಾಡು ವಾದ್ಯಮೇಳವಿಲ್ಲದೆ 'ಆಂಥಾಲಜಿ'ಯಲ್ಲಿ ಕೇಳಿಸಿದಾಗ, ಸುಣ್ಣ ಬಳಿದ ಗುಡಿಯ ಗೋಡೆಯನ್ನು ಕೆರೆದು ಕೆಳಗಿನ ಕಲ್ಲನ್ನು ಕಂಡಂತಾಯಿತು.

ಇವೆಲ್ಲ ಸ್ಟುಡಿಯೋದ ಅಲಂಕಾರವನ್ನು ಕುರಿತ ಮಾತಾದವು. ಡಿಲನ್‌ನ 'ಬ್ಲಡ್ ಆನ್ ದಿ ಟ್ರ್ಯಾಕ್ಸ್' ಸಂಕಲನದ ಕತೆ ಇದಕ್ಕಿಂತ ಆಳವಾದದ್ದು. ಅದರ ಹಾಡುಗಳನ್ನು ಅವನು 1974ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಮುದ್ರಿಸಿದ. ರೆಕಾರ್ಡಿನ ಪರೀಕ್ಷಾ ಪ್ರತಿಗಳೂ ತಯಾರಾಗಿದ್ದವು. ಡಿಸೆಂಬರಿನಲ್ಲಿ ತವರಿಗೆ ಹೋದಾಗ ತಮ್ಮನ ಮಾತು ಕೇಳಿ, ಮಿನಿಯಾಪೊಲಿಸ್ ನಗರದ ಸ್ಟುಡಿಯೋವೊಂದರಲ್ಲಿ ಸ್ಥಳೀಯ ವಾದ್ಯಗಾರರನ್ನು ಕಲೆಹಾಕಿ ಐದು ಹಾಡುಗಳನ್ನು ಪುನಃ ಹಾಡಿದ. 1975ರ ಜನವರಿಯಲ್ಲಿ ಪ್ರಕಟವಾದ ಸಂಕಲನದಲ್ಲಿ ಈ ಐದು ಹೊಸ ಪಾಠಗಳಿವೆ. ನ್ಯೂಯಾರ್ಕಿನ ಮುದ್ರಣಗಳೆಲ್ಲ ಸಮಗ್ರವಾಗಿ ಹೊರಬಂದದ್ದು 2018ರಲ್ಲಿ.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಕೇಳಿದರೆ ವ್ಯಾಕರಣವೇ ಬದಲಾದದ್ದು ಕಾಣುತ್ತದೆ. 'ಟ್ಯಾಂಗಲ್ಡ್ ಅಪ್ ಇನ್ ಬ್ಲೂ' ಹಾಡು ನ್ಯೂಯಾರ್ಕಿನಲ್ಲಿ ಪ್ರಥಮ ಪುರುಷದಲ್ಲಿ ಮೊದಲಾಗುತ್ತದೆ. 'ಅವನ' ಕತೆ ಅದು. ಪ್ರಕಟಿತ ಪಾಠದಲ್ಲಿ ಅದು ಉತ್ತಮ ಪುರುಷಕ್ಕೆ ತಿರುಗಿ 'ನನ್ನ' ಕತೆಯಾಗಿದೆ. 'ಈಡಿಯಟ್ ವಿಂಡ್' ನ್ಯೂಯಾರ್ಕಿನಲ್ಲಿ ಸೋತವನ ಮೆಲುದನಿಯ ಹಾಡು. ಮಿನಿಯಾಪೊಲಿಸಿನಲ್ಲಿ ಅದು ಸಿಟ್ಟಿನ ಬೈಗುಳವಾಗಿದೆ. ಆ ಸಿಟ್ಟಿನ ಕೆಳಗೆ ಏನಿತ್ತು ಎಂಬುದು ಗೊತ್ತಾಗಬೇಕಾದರೆ ಮೊದಲ ಪಾಠಕ್ಕೇ ಹೋಗಬೇಕು. ಅಲ್ಲಿ ಗಿಟಾರು ನುಡಿಸುವಾಗ ಅವನ ಅಂಗಿಯ ಗುಂಡಿಗಳು ಮರಕ್ಕೆ ತಾಗಿ ಟಿಕ್ ಟಿಕ್ ಎನ್ನುವ ಸದ್ದು ಕೇಳಿಸುತ್ತದೆ. ಅಚ್ಚುಕಟ್ಟಿನ ಧ್ವನಿಮುದ್ರಣದಲ್ಲಿ ಅದು ದೋಷ. ನನಗೆ ಆ ಗುಂಡಿಯ ಸದ್ದನ್ನು ಕೇಳದೆ ಹಾಡು ಪೂರ್ತಿಯಾಗದು. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಮೊದಲ ಪಾಠವೇ ಯಾವಾಗಲೂ ಶ್ರೇಷ್ಠವೆಂದು ನಾನು ವಾದಿಸುತ್ತಿಲ್ಲ. ಹಳೆಯ ಪ್ರತಿಯೇ ಒಳ್ಳೆಯ ಪ್ರತಿ ಎಂಬ ನಿಯಮ ಗ್ರಂಥ ಸಂಪಾದನೆಯಲ್ಲೂ ಇಲ್ಲ. ಡಿಲನ್‌ನದೇ 'ಲೈಕ್ ಎ ರೋಲಿಂಗ್ ಸ್ಟೋನ್' ಇದಕ್ಕೆ ಸಾಕ್ಷಿ. 1965ರ ಜೂನ್ 15ರಂದು ಅವನು ಅದನ್ನು ಪಿಯಾನೋ ನುಡಿಸುತ್ತ ಮೂರೆಣಿಕೆಯ ತಾಳದಲ್ಲಿ ಹಾಡಲು ತೊಡಗಿದ. ನಮ್ಮ ಛಂದಸ್ಸಿನ ಹೋಲಿಕೆ ಕೊಡುವುದಾದರೆ ಭೋಗ ಷಟ್ಪದಿಯ ಮೂರು ಮಾತ್ರೆಯ ಗಣಗಳಂತೆ ಹಾಡು ತೂಗಾಡುತ್ತದೆ. ಮಾತಿನ ಬೆಂಕಿ ಹೊತ್ತಿಕೊಳ್ಳುವುದಿಲ್ಲ. ಮರುದಿನ ನಾಲ್ಕೆಣಿಕೆಗೆ, ಎಂದರೆ ಶರ ಷಟ್ಪದಿಯ ನಡೆಗೆ, ತಿರುಗಿದ ಮೇಲೆ ಹಾಡು ಎದ್ದು ನಿಂತಿತು. ಗಿಟಾರು ನುಡಿಸುವ ಆಸೆಯಿಂದ ಬಂದಿದ್ದ ಆಲ್ ಕೂಪರ್ ಎಂಬ ತರುಣ ತನಗೆ ಅಷ್ಟಾಗಿ ಪರಿಚಯವಿಲ್ಲದ ಆರ್ಗನ್ನಿನ ಮುಂದೆ ಕುಳಿತು, ಉಳಿದವರಿಗಿಂತ ತುಸು ತಡವಾಗಿ ನುಡಿಸಿದ. ಆ ದಿನದ ನಾಲ್ಕನೆಯ ಪಾಠವೇ ಪ್ರಕಟವಾದದ್ದು. ಆಮೇಲೆ ಮತ್ತೆ ಹಲವು ಸಲ ಹಾಡಿದರೂ ಅದು ಕೈಗೆ ಸಿಗಲಿಲ್ಲ. 2015ರಲ್ಲಿ ಆ ಎರಡು ದಿನಗಳ ಎಲ್ಲ ಪ್ರಯತ್ನಗಳೂ ಪ್ರಕಟವಾದಾಗ ನಾನು ಅವುಗಳನ್ನು ಕ್ರಮವಾಗಿ ಕೇಳಿದೆ. ಇಲ್ಲಿ ಪ್ರಕಟಿತ ಪಾಠವೇ ಗೆಲ್ಲುತ್ತದೆ. ಆದರೆ ಅದು ಎಷ್ಟು ಸೂಕ್ಷ್ಮವಾದ ಎಳೆಯ ಮೇಲೆ ನಿಂತ ಗೆಲುವು ಎಂಬುದು ಸೋತ ಪಾಠಗಳನ್ನು ಕೇಳಿದವನಿಗೆ ಮಾತ್ರ ತಿಳಿಯುತ್ತದೆ.

ಹಾಡುಗಾರನೇ ಮೊದಲ ಪಾಠಕ್ಕೆ ಮಣಿದ ಪ್ರಸಂಗವೂ ಉಂಟು. ಬ್ರೂಸ್ ಸ್ಪ್ರಿಂಗ್‌ಸ್ಟೀನ್ ನ್ಯೂಜೆರ್ಸಿಯ ತನ್ನ ಮನೆಯಲ್ಲಿ ಸಾಧಾರಣ ಕ್ಯಾಸೆಟ್ ಯಂತ್ರದ ಮುಂದೆ ಒಬ್ಬನೇ ಕುಳಿತು, ತನ್ನ ತಂಡಕ್ಕೆ ಕಲಿಸಲೆಂದು ಕೆಲವು ಹಾಡುಗಳ ಕರಡನ್ನು ಮುದ್ರಿಸಿಕೊಂಡ. ತಂಡದೊಡನೆ ಅವನ್ನು ನುಡಿಸಿ ನೋಡಿದಾಗ ಕರಡಿನಲ್ಲಿದ್ದ ಜೀವ ಬರಲಿಲ್ಲ. ಕಡೆಗೆ ಆ ಕ್ಯಾಸೆಟ್ಟನ್ನೇ 'ನೆಬ್ರಾಸ್ಕಾ' ಎಂಬ ಹೆಸರಿನಲ್ಲಿ 1982ರಲ್ಲಿ ಪ್ರಕಟಿಸಿದ. ತಂಡದೊಡನೆ ನುಡಿಸಿದ ಪಾಠಗಳು ಹೊರಬರಲು 2025ರವರೆಗೆ ಕಾಯಬೇಕಾಯಿತು. ಇಲ್ಲಿ ಕರಡೇ ಗ್ರಂಥವಾಯಿತು, ಗ್ರಂಥ ಅನುಬಂಧವಾಯಿತು.

ಕರಡಿಲ್ಲದ ಕವಿಯೊಬ್ಬನನ್ನು ನಾವೆಲ್ಲ ಬಲ್ಲೆವು. ಕುಮಾರವ್ಯಾಸ ತನ್ನ ಅಗ್ಗಳಿಕೆಗಳನ್ನು ಎಣಿಸುವಾಗ, ತಾನು ಹಲಗೆ ಬಳಪಗಳನ್ನು ಹಿಡಿಯಲಿಲ್ಲ, ಇಟ್ಟ ಪದವನ್ನು ಅಳಿಸಲಿಲ್ಲ, ಓಲೆಯ ಮೇಲೆ ಕಂಠದ ಸದ್ದು ನಿಲ್ಲಲಿಲ್ಲ ಎನ್ನುತ್ತಾನೆ. ಸ್ಟುಡಿಯೋದ ಭಾಷೆಯಲ್ಲಿ ಅವನದು ಒಂದೇ ಟೇಕಿನ ಮಹಾಕಾವ್ಯ. ಆದರೆ ಕವಿ ಅಳಿಸದಿದ್ದರೇನಂತೆ, ಲಿಪಿಕಾರರೂ ಗಮಕಿಗಳೂ ಸುಮ್ಮನಿರಲಿಲ್ಲ. ನೂರಾರು ಪ್ರತಿಗಳಲ್ಲಿ ಅವನ ಕಾವ್ಯ ಪಾಠಾಂತರಗಳ ಕಾಡಾಗಿದೆ. ಶೂನ್ಯಸಂಪಾದನೆಗಂತೂ ನಾಲ್ಕು ಪರಿಷ್ಕರಣಗಳಿವೆ. ಶಿವಗಣಪ್ರಸಾದಿ ಮಹಾದೇವಯ್ಯನದು ಮೊದಲನೆಯದು, ಗೂಳೂರು ಸಿದ್ಧವೀರಣ್ಣೊಡೆಯನದು ಹೆಚ್ಚು ಪ್ರಚಾರ ಪಡೆದದ್ದು. ಮೊದಲನೆಯದನ್ನು ಓದದೆ ಕೊನೆಯದರಲ್ಲಿ ಏನು ಬದಲಾಯಿತೆಂದು ಹೇಳಲಾಗದು. ನೆರೆಯ ಪುಣೆಯ ಭಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರ ಮಹಾಭಾರತದ ಸಂಶೋಧಿತ ಆವೃತ್ತಿಯನ್ನು ಸಿದ್ಧಪಡಿಸಿದಾಗ, ವ್ಯಾಸನಿಗೆ ಗಣೇಶ ಲಿಪಿಕಾರನಾದ ಪ್ರಸಂಗವನ್ನು ಮೂಲಪಾಠದಿಂದ ಹೊರಗಿಟ್ಟರು. ಆದರೆ ಎಸೆಯಲಿಲ್ಲ, ಅನುಬಂಧದಲ್ಲಿ ಕೊಟ್ಟರು. ಡಿ. ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥ ಸಂಪಾದನೆ'ಯನ್ನು (1964) ಓದಿ ಬೆಳೆದ ನಮ್ಮ ಪೀಳಿಗೆಗೆ ಇದು ಮೊದಲ ಶಿಸ್ತು. ಪಾಠವೊಂದನ್ನು ಬಿಡುವ ಅಧಿಕಾರ ಸಂಪಾದಕನಿಗಿದೆ, ಅಳಿಸುವ ಅಧಿಕಾರವಿಲ್ಲ. ಬಿಟ್ಟದ್ದನ್ನು ಅಡಿಟಿಪ್ಪಣಿಯಲ್ಲಿ ತೋರಿಸಲೇಬೇಕು.

ಈ ಶಿಸ್ತನ್ನು ಪರೀಕ್ಷೆಯಲ್ಲಿ ಬರೆದು ಹೆಚ್ಚು ಅಂಕ ಪಡೆದ ನಾನೇ ಅದನ್ನು ಮುರಿದೆ.

ನನ್ನ ಪಿಎಚ್.ಡಿ. ಪ್ರಬಂಧ ಬೀಸುವ ಪದಗಳನ್ನು ಕುರಿತದ್ದು. 1994ರ ಬೇಸಿಗೆಯಲ್ಲಿ ಕ್ಷೇತ್ರಕಾರ್ಯಕ್ಕೆಂದು ಆಗಿನ ಬಿಜಾಪುರ ಜಿಲ್ಲೆಯ ಹಳ್ಳಿಯೊಂದಕ್ಕೆ, ನನ್ನ ದೊಡ್ಡವ್ವನ ಮನೆಗೆ ಹೋದೆ. ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ. ಊರಿಗೆ ಹಿಟ್ಟಿನ ಗಿರಣಿ ಬಂದು ಎಷ್ಟೋ ವರ್ಷಗಳಾಗಿದ್ದವು. ನನಗಾಗಿ ಆಕೆ ಮೂಲೆಯಲ್ಲಿದ್ದ ಬೀಸುಕಲ್ಲನ್ನು ತೊಳೆದು, ಒಂದು ಸೇರು ಜೋಳ ಹಾಕಿಕೊಂಡು, ನಸುಕಿನಲ್ಲಿ ಬೀಸುತ್ತ ಹಾಡಿದಳು. ಪಂಚಮಿ ಹಬ್ಬಕ್ಕೆ ತವರಿನಿಂದ ಕರೆಯಲು ಬರುವ ಅಣ್ಣನನ್ನು ಮಾಳಿಗೆಯ ಮೇಲೆ ನಿಂತು ಕಾಯುವ ತಂಗಿಯ ಹಾಡು ಅದು. ನಾನು ಬೇರೆಡೆ ಸಂಗ್ರಹಿಸಿದ್ದ ರೂಪಗಳಲ್ಲೆಲ್ಲ ಕೊನೆಗೆ ದೂಳೆಬ್ಬಿಸಿಕೊಂಡು ಅಣ್ಣನ ಬಂಡಿ ಬರುತ್ತದೆ. ದೊಡ್ಡವ್ವನ ಹಾಡಿನಲ್ಲಿ ಬಂಡಿ ಬರಲಿಲ್ಲ. ಹೊತ್ತು ಮುಳುಗಿತು, ತಂಗಿ ಮಾಳಿಗೆ ಇಳಿದಳು, ಹಾಡು ನಿಂತಿತು. ಕಲ್ಲು ಮಾತ್ರ ಸ್ವಲ್ಪ ಹೊತ್ತು ತಿರುಗುತ್ತಿತ್ತು.

ನನ್ನ ಸೋದರಮಾವ ಹೊಲದ ಪಾಲಿನ ಜಗಳದಿಂದಾಗಿ ಒಂಬತ್ತು ವರ್ಷಗಳಿಂದ ಅಕ್ಕನನ್ನು ಹಬ್ಬಕ್ಕೆ ಕರೆಯಲು ಹೋಗಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಅಂದು ಕೇಳಿಸಿಕೊಂಡದ್ದು ಕಲ್ಲಿನ ಗರಗರ ಸದ್ದನ್ನು ಮಾತ್ರ. ಮಾತುಗಳು ಸ್ಪಷ್ಟವಾಗಿರಲಿಲ್ಲ. ಹೀಗಾದರೆ ಬರೆದುಕೊಳ್ಳುವುದು ಹೇಗೆಂದು ಚಿಂತೆಯಾಯಿತು.

“ದೊಡ್ಡವ್ವಾ, ಕಲ್ಲಿನ ಸಪ್ಪಳದಾಗ ಮಾತು ಕೇಳಸವಲ್ದು. ಸುಮ್ನ ಕುಂತು ಇನ್ನೊಮ್ಮಿ ಹಾಡು” ಎಂದೆ.

“ಕಲ್ಲ ಬಿಟ್ಟರ ಹಾಡ ಹೆಂಗ ಬರತೈತಿ ತಮ್ಮಾ?” ಎಂದಳು. ಆದರೂ ನನ್ನ ಮಾತಿಗೆ ಒಪ್ಪಿ ಗೋಡೆಗೆ ಒರಗಿ ಕುಳಿತಳು.

“ಕಡೀಕ ಅಣ್ಣ ಬರೂದು ಬಿಟ್ಟೀಯಲ್ಲ” ಎಂದು ನೆನಪಿಸಿದೆ.

ಆಕೆ ನನ್ನ ಮುಖ ನೋಡಿದಳು. “ಹೌದೇನು? ತಪ್ಪಿರಬೇಕು. ಈ ಸಲ ಬರತಾನ ತಗೋ” ಎಂದಳು.

ಎರಡನೆಯ ಸಲ ಅಣ್ಣ ಬಂದ. ಮಾತುಗಳೆಲ್ಲ ಸ್ಪಷ್ಟವಾಗಿದ್ದವು. ತ್ರಿಪದಿಗಳು ಗಣ ತಪ್ಪದೆ ಬಂದವು. ಖಾಲಿ ಕ್ಯಾಸೆಟ್ಟಿನ ಬೆಲೆ ನನ್ನ ಶಿಷ್ಯವೇತನಕ್ಕೆ ಭಾರವಾಗಿತ್ತು. ಕೆಟ್ಟ ಪಾಠವೊಂದನ್ನು ಇಟ್ಟುಕೊಳ್ಳುವುದೇಕೆಂದು, ಟೇಪ್ ಹಿಂದಕ್ಕೆ ತಿರುಗಿಸಿ ಮೊದಲನೆಯದರ ಮೇಲೆಯೇ ಎರಡನೆಯದನ್ನು ಮುದ್ರಿಸಿಕೊಂಡಿದ್ದೆ. ಆ ದಿನದ ನನ್ನ ಟಿಪ್ಪಣಿ ಪುಸ್ತಕದಲ್ಲಿ ನನ್ನದೇ ಕೈಬರಹದಲ್ಲಿ ಹೀಗಿದೆ: 'ಮೊದಲ ಸಲ ಕೊನೆ ತಪ್ಪಿದೆ. ಎರಡನೆಯದು ಸರಿ.' ಕ್ಲಿಷ್ಟವಾದ ಪಾಠವೂ ಸುಲಭವಾದ ಪಾಠವೂ ಎದುರಾದಾಗ ಕ್ಲಿಷ್ಟವಾದದ್ದನ್ನು ಅವಸರದಲ್ಲಿ ಬಿಡಬಾರದು, ಲಿಪಿಕಾರರು ತಿದ್ದುವುದು ಯಾವಾಗಲೂ ಪರಿಚಿತವಾದದ್ದರ ಕಡೆಗೆ ಎಂದು ನಮಗೆ ಕಲಿಸಿದ್ದರು. ನಾನು ಕೇವಲ ಲಿಪಿಕಾರನಾದೆ. ಅಷ್ಟೇ ಅಲ್ಲ, ಹಾಡಿದವಳ ಬಾಯಿಂದಲೇ ಪರಿಚಿತ ಪಾಠವನ್ನು ಹೇಳಿಸಿದೆ.

ಇದು ತಪ್ಪೆಂದು ನನಗೆ ಆಗ ತೋರಲಿಲ್ಲ. ತೋರಿದ್ದು ಮೂರು ವರ್ಷಗಳ ಮೇಲೆ, ಸಾಂತಾಕ್ರೂಜಿನ ಕೋಣೆಯಲ್ಲಿ, ಹ್ಯಾರಿಸನ್‌ನ ಮೊದಲ ಪಾಠವನ್ನು ಕೇಳಿದ ಸಂಜೆ. ಲಂಡನ್ನಿನ ಕಂಪನಿಯೊಂದು ತಾನು ಒಲ್ಲದ ಹಾಡಿನ ಪೆಟ್ಟಿಗೆಯನ್ನು ಇಪ್ಪತ್ತೆಂಟು ವರ್ಷ ಜೋಪಾನವಾಗಿ ಕಾಪಾಡಿತ್ತು. ನಾನು ಒಂದು ಗಂಟೆಯೂ ಕಾಪಾಡಿರಲಿಲ್ಲ. ಜೊತೆಗಾರ ಮಲಗಿದ ಮೇಲೆ ದೊಡ್ಡವ್ವನ ಕ್ಯಾಸೆಟ್ಟನ್ನು ಹುಡುಕಿ ಹಾಕಿದೆ. ಶುದ್ಧವಾದ ಎರಡನೆಯ ಪಾಠ ಮೊದಲಿಂದ ಕೊನೆಯವರೆಗೆ ಕೇಳಿಸಿತು. ಅದು ಮುಗಿದೊಡನೆ ಯಂತ್ರ ನಿಲ್ಲಿಸುವುದು ನನ್ನ ಅಭ್ಯಾಸ. ಅಂದು ನಿಲ್ಲಿಸಲಿಲ್ಲ. ಕಲ್ಲಿಲ್ಲದೆ ಹಾಡಿದ ಎರಡನೆಯ ಪಾಠ ಮೊದಲನೆಯದಕ್ಕಿಂತ ಬೇಗ ಮುಗಿದಿತ್ತು. ಅದು ಅಳಿಸದೆ ಬಿಟ್ಟ ತುದಿಯಲ್ಲಿ ಮೊದಲ ಪಾಠದ ಕೊನೆಯ ಒಂದೂವರೆ ನಿಮಿಷ ಹಾಗೆಯೇ ಉಳಿದಿತ್ತು. ಅದರಲ್ಲಿ ಮಾತಿಲ್ಲ. ಹಾಡು ನಿಂತ ಮೇಲೆ ಬೀಸುಕಲ್ಲು ತಿರುಗುವ ಸದ್ದು, ಬಳೆಗಳ ಸದ್ದು, ಆಮೇಲೆ ಕಲ್ಲೂ ನಿಂತ ಮೌನ.

ಆ ಮೇ ತಿಂಗಳಲ್ಲಿ ಊರಿಗೆ ಹೋದೆ. ದೊಡ್ಡವ್ವನಿಗೆ ಉಬ್ಬಸ ಹೆಚ್ಚಾಗಿತ್ತು. ಅಂದು ಮೊದಲ ಸಲ ಹಾಡಿದಂತೆ, ಅಣ್ಣ ಬಾರದ ಹಾಡನ್ನು, ಆಗುವುದಾದರೆ ಇನ್ನೊಮ್ಮೆ ಹೇಳು ಎಂದು ಕೇಳಿದೆ. “ಅದು ಆವತ್ತಿನ ಹಾಡು ತಮ್ಮಾ. ಈಗ ಎಲ್ಲಿಂದ ತರಲಿ?” ಎಂದಳು. ಸಿಟ್ಟಿರಲಿಲ್ಲ, ನನ್ನನ್ನು ಸಮಾಧಾನ ಮಾಡುವ ದನಿಯಿತ್ತು. ಆ ವರ್ಷದ ಚಳಿಗಾಲದಲ್ಲಿ ತೀರಿಕೊಂಡಳು. ಮಣ್ಣಿಗೆ ಸೋದರಮಾವ ಬಂದಿದ್ದ.

ಮೊದಲ ಪಾಠಗಳನ್ನು ನಾನು ಏಕೆ ಮೆಚ್ಚುತ್ತೇನೆ ಎಂಬುದಕ್ಕೆ ಈಗ ಉತ್ತರ ಹೇಳಬಲ್ಲೆ. ಎರಡನೆಯ ಪಾಠವನ್ನು ಹಾಡುವವರು ನಮಗಾಗಿ ಹಾಡುತ್ತಾರೆ. ನಮಗೆ ಏನು ಬೇಕೆಂಬುದು ಅವರಿಗೆ ಗೊತ್ತಾಗಿರುತ್ತದೆ. ಹಲವು ಸಲ ಅದನ್ನು ನಾವೇ ಹೇಳಿಕೊಟ್ಟಿರುತ್ತೇವೆ. ಮೊದಲ ಪಾಠ ಹಾಡಿನ ಎದುರಿಗೆ ಹಾಡಿದ್ದು, ಕಲ್ಲಿನ ಎದುರಿಗೆ ಹಾಡಿದ್ದು. ಅದರಲ್ಲಿ ತೊದಲಿದೆ, ಗುಂಡಿಯ ಸದ್ದಿದೆ, ಕಲ್ಲಿನ ಸದ್ದಿದೆ, ಹಾಡುವವರ ಆ ದಿನವಿದೆ. ಪ್ರಕಟಿತ ಪಾಠದ ಸೌಂದರ್ಯವನ್ನು ನಾನು ಒಪ್ಪುತ್ತೇನೆ. ಆದರೆ ಅದು ಆ ದಿನವನ್ನು ದಾಟಿ ಬಂದದ್ದು. ದಾಟುವಾಗ ಏನನ್ನು ಬಿಟ್ಟು ಬಂತು ಎಂಬುದೇ ನನ್ನ ಹುಡುಕಾಟ. ಹೀಗಾಗಿ ಹ್ಯಾರಿಸನ್‌ನ ಹಾಡನ್ನಾಗಲಿ ಡಿಲನ್‌ನ ಹಾಡನ್ನಾಗಲಿ ನಾನು ಕೇಳುವಾಗ ನಿಷ್ಪಕ್ಷಪಾತಿಯಾದ ರಸಿಕನಲ್ಲ. ನನ್ನ ಮನೆಯಲ್ಲಿ ಕಳೆದದ್ದನ್ನು ಪರರ ಮನೆಯಲ್ಲಿ ಹುಡುಕುವವನು.

ಈಗಿನ ವಿದ್ಯಾರ್ಥಿಗಳು ಕ್ಷೇತ್ರಕಾರ್ಯಕ್ಕೆ ಮೊಬೈಲ್ ಫೋನು ಹಿಡಿದು ಹೋಗುತ್ತಾರೆ. ಕ್ಯಾಸೆಟ್ಟಿನ ಬೆಲೆಯ ಚಿಂತೆ ಅವರಿಗಿಲ್ಲ. ಆದರೆ ಅಳಿಸುವುದು ಮೊದಲಿಗಿಂತ ಸುಲಭವಾಗಿದೆ. ಬೆರಳಿನ ಒಂದು ಸ್ಪರ್ಶ ಸಾಕು. ಅವರಲ್ಲಿ ನನ್ನದೊಂದೇ ಬಿನ್ನಹ. ಹಾಡಿದವರು ತಪ್ಪಿದರೆಂದು ತೋರಿದ ಪಾಠವನ್ನು ದಿನಾಂಕ ಹಾಕಿ ಹಾಗೆಯೇ ಇಡಿರಿ. ಎರಡನೆಯ ಸಲ ಹಾಡಿಸಬೇಕಾಗಿ ಬಂದರೆ, ಹಾಡಿಸಿದವರು ನೀವು ಎಂಬುದನ್ನು ಬರೆಯಿರಿ. ಪ್ರಬಂಧದಲ್ಲಿ ಯಾವ ಪಾಠವನ್ನಾದರೂ ಆರಿಸಿಕೊಳ್ಳಿ, ಅಡಿಟಿಪ್ಪಣಿಯಲ್ಲಿ ಇನ್ನೊಂದಕ್ಕೂ ಜಾಗ ಕೊಡಿ.

ನನ್ನ ಪ್ರಬಂಧಕ್ಕೆ 1998ರಲ್ಲಿ ಪದವಿ ಬಂತು. ಮುಂದೆ ಅದು ಪುಸ್ತಕವಾಗಿಯೂ ಬಂತು. ಅದರಲ್ಲಿ ಪಂಚಮಿಯ ಹಾಡು ಇದೆ, ಅಣ್ಣನ ಬಂಡಿಯೂ ಬರುತ್ತದೆ, ಅಡಿಟಿಪ್ಪಣಿ ಇಲ್ಲ. ಆಗಲೂ ಬರೆಯಬಹುದಾಗಿತ್ತು, ಮನೆಯ ಮಾತು ಹೊರಗೇಕೆ ಎಂಬ ಹಿಂಜರಿಕೆಯಿಂದ ಬರೆಯಲಿಲ್ಲ. ಆ ಅಡಿಟಿಪ್ಪಣಿಯನ್ನು ಮೂವತ್ತು ವರ್ಷ ತಡವಾಗಿ ಇಲ್ಲಿ ಬರೆದಿದ್ದೇನೆ.